ಹಿಂದಿನ ಸೀಟು ಪೂರ್ತಿ

ಸರ್ವೋತ್ತಮ ಶೆಟ್ಟರಿಗೆ ಕಾರಿನ ಹುಚ್ಚು ತಾನಾಗಿ ಹಿಡಿದದ್ದಲ್ಲ. ಅದನ್ನು ಹಿಡಿಸಿದ್ದು ಒಂದು ಹಲಸಿನ ಹಣ್ಣು.

ಹಿಂದಿನ ಆದಿತ್ಯವಾರ ಅವರ ಹೆಂಡತಿ ಜಲಜಾಕ್ಷಿ ಅತ್ತಾವರದಿಂದ ಉಳ್ಳಾಲದ ತವರಿಗೆ ಎಂದಿನಂತೆ ಸರ್ವಿಸ್ ಕಾರಿನಲ್ಲಿ ಹೊರಟಿದ್ದರು. ಸರ್ವಿಸ್ ಕಾರು ಎಂದರೆ ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ತುಂಬಿಸಿಕೊಂಡು ಹೋಗುವ ಬಾಡಿಗೆ ಅಂಬಾಸಿಡರ್. ಐವರ ಜಾಗದಲ್ಲಿ ಹನ್ನೊಂದು ಜನ ಕೂತ ಮೇಲೂ ಅದರ ಡ್ರೈವರ್ "ಇನ್ನೊಬ್ಬರಿಗೆ ಜಾಗ ಉಂಟು" ಎನ್ನುತ್ತಾನೆ. ಅಂದು ಯಾರದೋ ಹಲಸಿನ ಹಣ್ಣಿಗೆ ಮಾತ್ರ ಜಾಗ ಸಿಗದೆ, ಅದು ಜಲಜಾಕ್ಷಿಯ ಹೊಸ ಸೀರೆಯ ಮೇಲೆ ಕೂತಿತು. ತೊಕ್ಕೊಟ್ಟಿನ ಹೊಂಡದಲ್ಲಿ ಕಾರು ಹಾರಿದಾಗ ಹಣ್ಣು ಬಿರಿಯಿತು. ಸೀರೆಗೆ ಅಂಟಿದ ಮೇಣ ಚಿಮಿಣಿ ಎಣ್ಣೆ ಹಾಕಿ ಉಜ್ಜಿದರೂ ಹೋಗಲಿಲ್ಲ.

"ಇಪ್ಪತ್ತು ವರ್ಷದಿಂದ ಯಾರ್ಯಾರದೋ ತೊಡೆ ಮೇಲೆ ಕೂತು ತವರಿಗೆ ಹೋಗ್ತಾ ಇದ್ದೇನೆ. ಇನ್ನು ಆಗುದಿಲ್ಲ. ಹೋದ್ರೆ ಸ್ವಂತ ಕಾರಿನಲ್ಲಿ, ಹಿಂದಿನ ಸೀಟು ಪೂರ್ತಿ ನನಗೇ, ಕಾಲು ಚಾಚಿ ಕೂತು ಹೋಗುದು. ನಿಮ್ಮಿಂದ ಆಗದಿದ್ರೆ ಹೇಳಿ, ನಾನು ಹೋಗುದೇ ಇಲ್ಲ. ಅಮ್ಮನನ್ನೇ ಇಲ್ಲಿಗೆ ಕರೆಸಿ ಇಟ್ಟುಕೊಳ್ತೇನೆ" ಎಂದರು ಜಲಜಾಕ್ಷಿ.

ಕೊನೆಯ ಮಾತು ಕೇಳಿ ಶೆಟ್ಟರು ಬೆವರಿದರು. ಅತ್ತೆ ಹಿಂದೆ ಒಮ್ಮೆ ಎರಡು ದಿನಕ್ಕೆಂದು ಬಂದು ಎರಡು ತಿಂಗಳು ಇದ್ದರು. ಆ ಎರಡು ತಿಂಗಳು ಶೆಟ್ಟರು ಅಡಿಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿದ್ದರು.

ಇನ್ಶೂರೆನ್ಸ್ ಆಫೀಸಿನ ಗುಮಾಸ್ತರ ಸಂಬಳಕ್ಕೆ ಹೊಸ ಕಾರು ಕನಸಿನ ಮಾತು. ಹಳೆಯದಾದರೆ ಎರಡು ಕೈಗೆಟುಕುವಂತಿದ್ದವು. ಒಂದು, ಪಕ್ಕದ ಮನೆಯ ಮರದ ವ್ಯಾಪಾರಿ ಮೂಸಬ್ಬರ ಅಂಬಾಸಿಡರ್. ಅದರ ಪೆಟ್ರೋಲ್ ಎಂಜಿನ್ ತೆಗೆಸಿ ಅವರು ಡೀಸೆಲ್ ಎಂಜಿನ್ ಕೂರಿಸಿದ್ದರು. ಇನ್ನೊಂದು, ಆಫೀಸಿನ ಪಕ್ಕದ ಮೇಜಿನ ನಿತ್ಯಾನಂದನ ಪೆಟ್ರೋಲ್ ಫಿಯೆಟ್.

"ಡೀಸೆಲ್ ಅಂದ್ರೆ ಗಂಜಿ ಊಟ ಶೆಟ್ರೆ, ಸ್ವಲ್ಪದ್ರಲ್ಲಿ ಹೊಟ್ಟೆ ತುಂಬ್ತದೆ. ಪೆಟ್ರೋಲ್ ಅಂದ್ರೆ ದಿನಾ ಬಿರಿಯಾನಿ. ನಿಮ್ಮಿಂದ ಆಗ್ತದಾ?" ಎಂದು ಮೂಸಬ್ಬ ಕೇಳಿದರು.

"ಡೀಸೆಲ್ ಕಾರಿನಲ್ಲಿ ಒಂದು ತಿಂಗಳು ಕೂತ್ರೆ ಹಲ್ಲೆಲ್ಲ ಸಡಿಲ ಆಗ್ತದೆ ಮಾರಾಯ" ಎಂದ ನಿತ್ಯಾನಂದ. "ನನ್ನ ಫಿಯೆಟ್ ಸ್ಟಾರ್ಟ್ ಆದದ್ದು ನನಗೇ ಗೊತ್ತಾಗುದಿಲ್ಲ, ಇನ್ನೊಮ್ಮೆ ಕೀ ತಿರುಗಿಸ್ತೇನೆ!"

ಶೆಟ್ಟರು ಮೊದಲೇ ಅಡ್ಡಗೋಡೆಯ ಮೇಲೆ ದೀಪ ಇಡುವ ಜನ. ಹೋಟೆಲಿನಲ್ಲಿ ಗೋಳಿಬಜೆಯೋ ಬನ್ಸೋ ಎಂದು ಅವರು ತೀರ್ಮಾನಿಸುವಷ್ಟರಲ್ಲಿ ಎರಡೂ ಮುಗಿದಿರುತ್ತಿದ್ದವು. ವಾರವಿಡೀ ಆಫೀಸು, ಬೀದಿ, ಕ್ಷೌರದಂಗಡಿ ಎಲ್ಲವೂ ಎರಡು ಪಕ್ಷವಾಗಿ ಒಡೆದು ಅವರಿಗೆ ಬುದ್ಧಿ ಹೇಳಿದವು. ಬುದ್ಧಿ ಹೇಳಿದವರಲ್ಲಿ ಹೆಚ್ಚಿನವರಿಗೆ ಸೈಕಲ್ಲೂ ಇರಲಿಲ್ಲ. ಕಡೆಗೆ ಎರಡನ್ನೂ ಓಡಿಸಿ ನೋಡುವುದೆಂದಾಯಿತು. ಆದಿತ್ಯವಾರ ಬೆಳಿಗ್ಗೆ ಡೀಸೆಲ್, ಸಂಜೆ ಪೆಟ್ರೋಲ್.

ಬೆಳಿಗ್ಗೆ ಜಲಜಾಕ್ಷಿ ಮಲ್ಲಿಗೆ ಮುಡಿದು, ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕಾಲು ಚಾಚಿ ಕೂತರು. ಶೆಟ್ಟರು ಕೀ ತಿರುಗಿಸಿದರು. ಅಕ್ಕಿ ಮಿಲ್ಲೊಂದು ಚಕ್ರ ಕಟ್ಟಿಕೊಂಡು ಹೊರಟ ಹಾಗೆ ಕಾರು ಗಡಗಡಿಸುತ್ತ ಬೀದಿಗಿಳಿಯಿತು.

ಕಂಕನಾಡಿಯಲ್ಲಿ ದನ ಅಡ್ಡ ಬಂತೆಂದು ನಿಧಾನಿಸಿದ್ದೇ ತಡ, ಹಿಂದಿನ ಬಾಗಿಲು ತೆರೆಯಿತು. ವಯಸ್ಸಾದ ಹೆಂಗಸೊಬ್ಬರು ದೊಡ್ಡ ಬುಟ್ಟಿಯೊಂದಿಗೆ ಒಳಗೆ ಬಂದರು.

"ಸ್ವಲ್ಪ ಆಚೆ ಹೋಗಿ ಅಕ್ಕ, ಕಾಲು ಮಡಚಿ. ಉಳ್ಳಾಲ ದರ್ಗಾದ ಹತ್ರ ಇಳಿಸಿ ಡ್ರೈವರ್ರೆ" ಎಂದರು.

ಡ್ರೈವರ್ ಎನಿಸಿಕೊಂಡ ಶೆಟ್ಟರು ತಿರುಗಿ, "ಅಮ್ಮ, ಇದು ಸರ್ವಿಸ್ ಕಾರಲ್ಲ" ಎನ್ನುವಷ್ಟರಲ್ಲಿ ಮುಂದಿನ ಬಾಗಿಲೂ ತೆರೆಯಿತು. ಬಲೆಯ ಕಟ್ಟು ಹೊತ್ತ ಅಣ್ಣು ಎಂಬ ಮೀನುಗಾರ ಒಳಗೆ ತೂರಿಕೊಂಡ. ಅವನ ಹಿಂದೆ ಕೊಡೆ ಹಿಡಿದವನೊಬ್ಬ, ಅವನ ಹಿಂದೆ ಇನ್ನಿಬ್ಬರು.

"ಸರ್ವಿಸ್ ಅಲ್ವಾ?" ಅಣ್ಣು ನಕ್ಕ. "ಶಬ್ದ ಕೇಳಿದ್ರೆ ಗೊತ್ತಾಗುದಿಲ್ವಾ ಮಾರಾಯ್ರೆ? ಹಾಗೆ ಪೊಲೀಸರಿಗೆ ಹೇಳಿ, ನಮಗೆಂತಕ್ಕೆ? ರೈಟ್, ಪೋಯಿ, ಹೋಗುವ!"

ಶೆಟ್ಟರಿಗೆ ಬೇಡ ಎಂದು ಹೇಳಿ ಅಭ್ಯಾಸವೇ ಇರಲಿಲ್ಲ. ಕಾರು ಹೊರಟಿತು. ಪಂಪ್‌ವೆಲ್‌ನಲ್ಲಿ ಇನ್ನಿಬ್ಬರು ಹತ್ತಿದರು. ಜಲಜಾಕ್ಷಿ ಬುಟ್ಟಿಗೂ ಬಾಗಿಲಿಗೂ ನಡುವೆ ಒಣಮೀನಿನಷ್ಟು ತೆಳ್ಳಗಾಗಿ, "ಕೇಳ್ತದಾ? ನಿಮಗೆ ಬಾಯಿ ಇಲ್ವಾ? ಇಳಿಸಿ ಇವರನ್ನು!" ಎಂದು ಹಿಂದಿನಿಂದ ಬಡಬಡಿಸುತ್ತಲೇ ಇದ್ದರು.

ನೇತ್ರಾವತಿ ಸೇತುವೆಯ ಹತ್ತಿರ ಪೊಲೀಸಿನವನು ಕೈ ಅಡ್ಡ ಹಿಡಿದ. ಖಾಸಗಿ ಕಾರುಗಳು ಕದ್ದು ಬಾಡಿಗೆ ಓಡಿಸುತ್ತವೆಂದು ಆ ದಿನಗಳಲ್ಲಿ ತಪಾಸಣೆ ಜೋರಾಗಿತ್ತು.

"ಪ್ರೈವೇಟ್ ನಂಬರು. ಇವರೆಲ್ಲ ಯಾರು?"

ಶೆಟ್ಟರು ಪ್ರಾಮಾಣಿಕವಾಗಿ, "ಗೊತ್ತಿಲ್ಲ ಸಾರ್" ಎಂದರು.

"ಎಂತ ಗೊತ್ತಿಲ್ಲ?" ಅಣ್ಣು ತಲೆ ಹೊರಗೆ ಹಾಕಿದ. ಇಂಥ ಹೊತ್ತಿಗೆ ಡ್ರೈವರನ್ನು ಕಾಪಾಡುವುದು ಸರ್ವಿಸ್ ಕಾರಿನ ಪ್ರಯಾಣಿಕರ ಹಳೆಯ ಕ್ರಮ. "ನಾವೆಲ್ಲ ಒಂದೇ ಮನೆಯವರು ಸಾರ್. ಇವರು ನನ್ನ ಭಾವ."

"ನನ್ನ ಮಾವ" ಎಂದ ಕೊಡೆಯವನು.

"ನಾನು ಎತ್ತಿ ಆಡಿಸಿದ ಹುಡುಗ" ಎಂದರು ಬುಟ್ಟಿಯ ಅಮ್ಮ. ಹೆಸರೇನೆಂದು ಪೊಲೀಸಿನವನು ಕೇಳಿದಾಗ ಅವರು ಅಲೀಮಮ್ಮ ಎಂದರು.

ಪೊಲೀಸಿನವನು ಶೆಟ್ಟರನ್ನು ನೋಡಿದ, ಅಲೀಮಮ್ಮನನ್ನು ನೋಡಿದ. ಕಡೆಗೆ ಜಲಜಾಕ್ಷಿಯ ಕಡೆ ತಿರುಗಿ, ಶೆಟ್ಟರನ್ನು ತೋರಿಸಿ, "ನಿಮಗೆ ಇವರು ಎಂತ ಆಗ್ಬೇಕು?" ಎಂದ.

ಸಿಟ್ಟು ನೆತ್ತಿಗೇರಿದ್ದ ಜಲಜಾಕ್ಷಿ, "ಇವರಾ? ಇವರು ಯಾರಂತ ನನಗೆ ಗೊತ್ತೇ ಇಲ್ಲ!" ಎಂದುಬಿಟ್ಟರು.

"ಹಾಗಾದ್ರೆ ನೀವು ಇಳೀರಿ" ಎಂದ ಪೊಲೀಸಿನವನು. "ಉಳಿದವರು ಮನೆಯವರು, ಹೋಗ್ಬಹುದು."

ಜಲಜಾಕ್ಷಿಯನ್ನು ಇಳಿಸಿಯೇಬಿಟ್ಟ. ಮಲ್ಲಿಗೆ ಮುಡಿದು ಸೇತುವೆಯ ಬದಿಯಲ್ಲಿ ನಿಂತ ಮೇಲೆ ಅವರಿಗೆ ಆದದ್ದು ಅರ್ಥವಾಯಿತು. "ಅಯ್ಯೋ, ಅವರು ನನ್ನ ಗಂಡ!"

"ಈಗಷ್ಟೇ ಗೊತ್ತಿಲ್ಲ ಅಂದ್ರಿ?"

ಶೆಟ್ಟರ ಸಂಸಾರವನ್ನು ಉಳಿಸಿದ್ದು ಅಲೀಮಮ್ಮ. "ಗಂಡ ಹೆಂಡತಿಯೇ ಸಾರ್. ಪಂಪ್‌ವೆಲ್‌ನಿಂದ ಇಲ್ಲಿವರೆಗೆ ಬೈತಾ ಬಂದಿದ್ದಾರೆ. ಬೇರೆ ಯಾರಾದ್ರೂ ಆಗಿದ್ರೆ ಇವರು ಕೇಳಿಕೊಂಡು ಕೂತುಕೊಳ್ತಿದ್ರಾ?"

ಪೊಲೀಸಿನವನೂ ಮದುವೆಯಾದವನೇ ಇರಬೇಕು. ಜಲಜಾಕ್ಷಿಯನ್ನು ಮತ್ತೆ ಹತ್ತಿಸಿ ಕಾರು ಬಿಟ್ಟ. ಉಳ್ಳಾಲದಲ್ಲಿ ಎಲ್ಲರೂ ಶೆಟ್ಟರ ಅಂಗೈಗೆ ಚಿಲ್ಲರೆ ಇಟ್ಟು ಇಳಿದರು. "ಡ್ರೈವರ್ ಹೊಸಬ್ರು, ಆದ್ರೂ ಪಾಪದವರು" ಎಂದು ಅಣ್ಣು ಶಿಫಾರಸು ಮಾಡಿದ. ಸುಕ್ಕುಸುಕ್ಕಾದ ಸೀರೆಯಲ್ಲಿ ತವರಿನ ಮೆಟ್ಟಿಲು ಹತ್ತುವುದಿಲ್ಲವೆಂದು ಜಲಜಾಕ್ಷಿ ಹಟ ಹಿಡಿದರು. ಗೇಟಿನ ತನಕ ಹೋದ ಕಾರು ಹಾಗೆಯೇ ತಿರುಗಿ ಮನೆಗೆ ಬಂತು. ಬರುವಾಗಲೂ ಖಾಲಿಯಾಗಿ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮೂಸಬ್ಬರಿಗೆ ಕೀ ಹಿಂದೆ ಕೊಟ್ಟಾಗ ಶೆಟ್ಟರಿಗೆ ಎದೆಯ ಮೇಲಿನ ಅರೆಯುವ ಕಲ್ಲು ಇಳಿಸಿದಷ್ಟು ಹಗುರವಾಯಿತು. ಹುಟ್ಟಿದಂದಿನಿಂದ ಮೊದಲ ಬಾರಿಗೆ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು. ಬಿರಿಯಾನಿಯಾದರೂ ಸರಿ, ಪೆಟ್ರೋಲೇ. ಓಡಿಸಿ ನೋಡುವ ಮೊದಲೇ ನಿತ್ಯಾನಂದನ ಕೈಗೆ ಮುಂಗಡ ಕೊಟ್ಟು ಫಿಯೆಟ್ ಮನೆಗೆ ತಂದರು.

ಸಂಜೆ ಜಲಜಾಕ್ಷಿ ಬೇರೆ ಸೀರೆಯುಟ್ಟು ಮತ್ತೆ ಹಿಂದೆ ಕೂತರು. ಫಿಯೆಟ್ ಬೆಣ್ಣೆಯಲ್ಲಿ ಕೂದಲೆಳೆದಂತೆ ಹೊರಟಿತು. ಕಂಕನಾಡಿಯಲ್ಲಿ ಜನ ಗುಂಪುಗುಂಪಾಗಿ ನಿಂತಿದ್ದರು. ಒಬ್ಬರೂ ಕೈ ತೋರಿಸಲಿಲ್ಲ. ಪಂಪ್‌ವೆಲ್ ಕಳೆಯಿತು, ಸೇತುವೆ ಕಳೆಯಿತು, ಯಾರೂ ಇವರ ಗೊಡವೆಗೆ ಬರಲಿಲ್ಲ. ಶೆಟ್ಟರಿಗೆ ಹಾಡಬೇಕೆನಿಸಿತು. ಅತ್ತೆ ಉಳ್ಳಾಲದಲ್ಲೇ ಉಳಿದರು, ಹೆಂಡತಿಗೆ ಸೀಟು ಸಿಕ್ಕಿತು.

"ಹೇಗುಂಟು? ಕಾಲು ಚಾಚಿದಿಯಾ?" ಎಂದು ಶೆಟ್ಟರು ಕೇಳಿದರು.

"ಚಾಚಿದೆ" ಎಂದರು ಜಲಜಾಕ್ಷಿ, ಕಹಿ ಕಷಾಯ ಕುಡಿದವರ ಹಾಗೆ. ಹಿಂದಕ್ಕೆ ತಿರುಗಿ ನೋಡುತ್ತ, "ಆಗ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬೀದಿಯ ರತ್ನಾವತಿ ನಿಂತಿದ್ಲು. ತಲೆ ಎತ್ತಿಯೂ ನೋಡ್ಲಿಲ್ಲ" ಎಂದರು.

"ಶಬ್ದ ಇಲ್ಲ ಅಲ್ವಾ, ಗೊತ್ತಾಗಿರ್ಲಿಕ್ಕಿಲ್ಲ."

"ಅದೇ ನಾನೂ ಹೇಳುದು. ನಾವು ಕಾರು ತಗೊಂಡದ್ದು ಒಂದು ನಾಯಿಗೂ ಗೊತ್ತಾಗ್ಲಿಲ್ಲ!"

ತೊಕ್ಕೊಟ್ಟಿನಲ್ಲಿ ತವರಿನ ಪಕ್ಕದ ಮನೆಯ ಸ್ವರ್ಣಲತಾ ತನ್ನ ಅತ್ತೆ, ನಾದಿನಿ ಮತ್ತು ಮೂರು ಮಕ್ಕಳೊಂದಿಗೆ ಸರ್ವಿಸ್ ಕಾರಿಗೆ ಕಾಯುತ್ತಿದ್ದಳು. ಅವಳೂ ಇವರ ಕಡೆ ನೋಡಲಿಲ್ಲ. ಜಲಜಾಕ್ಷಿಗೆ ತಡೆಯಲಾಗಲಿಲ್ಲ. ಸೊಂಟದವರೆಗೆ ಕಿಟಕಿಯಿಂದ ಹೊರಬಂದು ಕೂಗಿದರು.

"ಸ್ವರ್ಣಾ! ಉಳ್ಳಾಲಕ್ಕಾ? ಬಾ ಬಾ, ಬೇಕಾದಷ್ಟು ಜಾಗ ಉಂಟು!"

ಆರೂ ಜನ ಬಂದರು. ಒಂದು ಮಗು ಜಲಜಾಕ್ಷಿಯ ಮಡಿಲಿಗೆ, ಇನ್ನೊಂದು ಗೇರಿನ ಕೆಳಗೆ. ಸ್ವರ್ಣಲತಾಳ ಅತ್ತೆ ಮುಂದೆ ಕೂತು ವಿಸ್ತಾರವಾದಾಗ ಶೆಟ್ಟರ ಅರ್ಧ ದೇಹ ಕಿಟಕಿಯ ಹೊರಗಾಯಿತು. ಹಿಂದೆ ಉಸಿರಾಡಲೂ ಎಡೆಯಿಲ್ಲದ ಕಡೆ ಜಲಜಾಕ್ಷಿ, ಮಲ್ಲಿಗೆ ಬಾಡಿದರೂ ಮುಖ ಅರಳಿಸಿಕೊಂಡು, ಕಾರಿನ ಸೀಟು, ಬಣ್ಣ, ಗಾಜು ಎಲ್ಲವನ್ನೂ ವರ್ಣಿಸುತ್ತಿದ್ದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ಶೆಟ್ಟರು ಬಹಳ ವರ್ಷದಿಂದ ನೋಡಿರಲಿಲ್ಲ. ಏನೇ ಆಗಲಿ, ಗೆದ್ದೆ ಎಂದುಕೊಂಡರು.

ಉಳ್ಳಾಲದಲ್ಲಿ ಇಳಿದ ಸ್ವರ್ಣಲತಾಳ ಅತ್ತೆ ಸೆರಗಿನ ಗಂಟು ಬಿಚ್ಚುತ್ತ, "ಎಷ್ಟಾಯ್ತು?" ಎಂದು ಶೆಟ್ಟರನ್ನು ಕೇಳಿದರು.

"ಛೆ, ಛೆ! ದುಡ್ಡಾ? ಇದು ಸ್ವಂತ ಕಾರು!" ಎಂದು ಜಲಜಾಕ್ಷಿ ಅವರ ಕೈ ಹಿಡಿದು ತಡೆದರು. "ಬರುವ ಆದಿತ್ಯವಾರ ಇದೇ ಹೊತ್ತಿಗೆ ಅಲ್ಲೇ ನಿಂತಿರಿ. ನಾವು ಪ್ರತಿ ವಾರ ಬರ್ತೇವೆ."