ರೀಡ್‌ನ ಮೂಲ ಹುಡುಕಿ ಹೊರಟದ್ದು

ಬೆಳಗಿನ ಮೀಟಿಂಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ನಮ್ಮ ಪ್ರೋಗ್ರಾಮರ್‌ಗೆ ಆ ದಿನದ ಗ್ರಹಚಾರ ತಪ್ಪುತ್ತಿತ್ತು. ಟೆಸ್ಟಿಂಗ್ ರೂಮಿನ ಟಿಕೆಟ್ ಯಂತ್ರ ಬೆಳಿಗ್ಗೆಯಿಂದ “ಕಾರ್ಡ್ ಇಡಿ” ಎಂದು ತೋರಿಸುತ್ತ ಕಲ್ಲಿನ ಹಾಗೆ ನಿಂತಿತ್ತು. ಯಂತ್ರದ ಪ್ರೋಗ್ರಾಂ ಇವನದು. ನಾಳೆಯಿಂದ ಒಂದು ವಾರದ ರಜೆಯೂ ಇವನದೇ. ಎರಡು ಸಲ ತುಂಬಿ ಎರಡು ಸಲ ಬಿಚ್ಚಿದ್ದ ಸೂಟ್‌ಕೇಸನ್ನು ಹೆಂಡತಿ ಮೂರನೆಯ ಸಲ ತುಂಬಿಟ್ಟಿದ್ದಳು.

“ತಪ್ಪು ನನ್ನ ಕೋಡಲ್ಲಿಲ್ಲ ಸರ್,” ಎಂದ. “ಕಾರ್ಡ್ ಓದೋಕೆ ನಾನು ರೀಡ್ ಫಂಕ್ಷನ್ ಕರೀತೀನಿ, ಅದು ಹೋದದ್ದು ವಾಪಸ್ಸೇ ಬರಲ್ಲ. ಅದಿರೋದು ಎಲ್ಲರೂ ಬಳಸೋ ಸಿ ಲೈಬ್ರರಿಲಿ, ಅದನ್ನ ಬರೆದೋರ ತಪ್ಪು.”

“ತೋರಿಸಿ,” ಎಂದರು ಮ್ಯಾನೇಜರ್. “ಸಂಜೆಯೊಳಗೆ ಆ ರೀಡ್‌ನ ಮೂಲ ಕೋಡ್ ತೋರಿಸಿದ್ರೆ ರಜೆ. ತಪ್ಪು ನಿಮ್ಮದಾದ್ರೆ ಸೂಟ್‌ಕೇಸ್ ಬಿಚ್ಚೋಕೆ ಹೇಳಿ.”

ಲೈಬ್ರರಿಯ ಮೂಲ ಕೋಡ್ ಇಳಿಸಿಕೊಂಡು ತಡಕಾಡಿದ. ಗಂಟೆಯೊಳಗೆ ರೀಡ್ ಹೆಸರಿನದೇ ಫೈಲು ಸಿಕ್ಕಿತು. ಒಳಗಿದ್ದದ್ದು ನಾಲ್ಕಾರು ಸಾಲು: ಯಾರು ಏನು ಕೇಳಿದರೂ “ಈ ಸೌಲಭ್ಯ ಇಲ್ಲ” ಎಂದು ಹೇಳಿ ವಾಪಸ್ ಕಳಿಸು. ಇವನಿಗೆ ಸ್ವರ್ಗ ಮೂರೇ ಗೇಣು. ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು ಮ್ಯಾನೇಜರ್ ಮೇಜಿನ ಮೇಲಿಟ್ಟ. ಅವರು ಹಿಂದೆಮುಂದೆ ನೋಡದೆ, “ದೋಷ ಲೈಬ್ರರಿಯದು, ನಮ್ಮ ಎಂಜಿನಿಯರ್ ಪತ್ತೆಹಚ್ಚಿದ್ದಾರೆ” ಎಂದು ಗಿರಾಕಿಗೆ ಮೇಲ್ ಹಾಕಿಬಿಟ್ಟರು.

ಪ್ರಿಂಟಿನ ಮೇಲೆ ಪಕ್ಕದ ಸೀಟಿನ ಪಂಡಿತ ಕಣ್ಣಾಡಿಸಿದ. ಇನ್ನೊಬ್ಬರ ಕೋಡಿನಲ್ಲಿ ಮೂಗು ತೂರಿಸದಿದ್ದರೆ ಅವನಿಗೆ ಕಾಫಿ ರುಚಿಸುವುದಿಲ್ಲ.

“ವಾಪಸ್ ಬರಲ್ಲ ಅಂದೆ. ಇದು ವಾಪಸ್ ಬರ್ತಿದೆಯಲ್ಲಪ್ಪಾ?”

ಇವನ ಮುಖ ಇಳಿಯಿತು.

“ಇದು ಖಾಲಿ ಡಬ್ಬ ಕಣೋ. ಸ್ವಂತ ರೀಡ್ ಇಲ್ಲದ ಯಂತ್ರಗಳಿಗೆ ಇರಲಿ ಅಂತ ಇಟ್ಟಿರೋದು. ನಮ್ಮ ಯಂತ್ರ ಓಡೋದು ಲಿನಕ್ಸ್ ಮೇಲೆ, ಅದರ ರೀಡ್ ಲಿನಕ್ಸ್ ಫೋಲ್ಡರಲ್ಲಿದೆ.”

ಅಲ್ಲಿಗೆ ಹೋದರೆ ಒಂದೇ ಸಾಲು: ಕೆಲಸವನ್ನು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಒಪ್ಪಿಸು. ಕೋಟಿಗಟ್ಟಲೆ ಸಾಲುಗಳ ಕರ್ನಲ್‌ನಲ್ಲಿ ಊಟ ಬಿಟ್ಟು ಹುಡುಕಿದ. ಫಂಕ್ಷನ್ನಿನ ಹೆಸರು ಸಿಕ್ಕಿತು, ಒಡಲು ಸಿಗಲಿಲ್ಲ.

“ಅಲ್ಲಿ ಹೆಸರು ಪೂರ್ತಿ ಬರೆದಿರಲ್ಲ, ಮ್ಯಾಕ್ರೋ ಅನ್ನೋ ಅಚ್ಚು ತುಂಡುಗಳನ್ನ ಜೋಡಿಸಿಕೊಳ್ಳುತ್ತೆ,” ಎಂದು ಟೆಸ್ಟಿಂಗ್ ಅಕ್ಕ ಹಿಂದಿನಿಂದ ಬಗ್ಗಿ ಜಾಗ ತೋರಿಸಿದಳು. “ಅಂದಹಾಗೆ ನಿನ್ನ ಹೆಂಡತಿ ನನಗೆ ಫೋನ್ ಮಾಡಿದ್ಲು. ನೀನು ಎತ್ತುತ್ತಿಲ್ವಂತೆ.”

“ಬೆಳಿಗ್ಗೆ ಬಂದವನೇ ಎಲ್ಲೋ ಚಾರ್ಜಿಗಿಟ್ಟೆ ಅಕ್ಕ. ಈಗ ಅದನ್ನ ಬೇರೆ ಹುಡುಕಲಾ?”

ನಾಲ್ಕೂವರೆಗೆ ಕೊನೆಯ ಮೆಟ್ಟಿಲು ಮುಟ್ಟಿದ. ಯಂತ್ರದ ಕಾರ್ಡ್ ರೀಡರನ್ನು ನಡೆಸುವ ಡ್ರೈವರ್ ಕೋಡು. ಅದು ಹೇಳುತ್ತಿದ್ದದ್ದು ಇಷ್ಟೇ: ರೀಡರ್‌ನಿಂದ ಏನಾದರೂ ಬರುವ ತನಕ ಮಲಗಿರು. ಒಂದು ಕಾಮಾದಷ್ಟೂ ತಪ್ಪಿಲ್ಲ. ಹಾಗಾದರೆ ರೀಡರ್‌ನಿಂದಲೇ ಏನೂ ಬರುತ್ತಿಲ್ಲ.

ಟೆಸ್ಟಿಂಗ್ ರೂಮಿಗೆ ಓಡಿ ಮೇಜಿನ ಕೆಳಗೆ ತೂರಿದ. ರೀಡರ್‌ನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಇವನ ಚಾರ್ಜರು, ಚಾರ್ಜರಿನ ತುದಿಗೆ ಇವನ ಫೋನು. ಸದ್ದಿಲ್ಲದೆ ಪ್ಲಗ್ ಬದಲಿಸಿದ. ಕಾರ್ಡ್ ಇಟ್ಟದ್ದೇ ತಡ, ಯಂತ್ರ ಟಿಕೆಟ್ ಉಗುಳಿತು.

ಮೈ ಕೊಡವಿಕೊಂಡು ಏಳುವಾಗ ಬಾಗಿಲಲ್ಲಿ ಮ್ಯಾನೇಜರ್.

“ಗಿರಾಕಿಯ ಉತ್ತರ ಬಂತು. ನಿಮ್ಮ ಪತ್ತೆದಾರಿಕೆಗೆ ಬೆರಗಾಗಿದ್ದಾರೆ. ಅವರ ಇನ್ನೂರು ಯಂತ್ರಗಳಿಗೂ ನೀವೇ ಸರಿಯಾದ ರೀಡ್ ಬರೆದು ಹಾಕಿಕೊಡಬೇಕಂತೆ. ನಾಳೆಯಿಂದ, ಒಂದು ವಾರ. ಅಥವಾ ತಪ್ಪು ನಿಮ್ಮದೇ ಅಂತ ಈಗ ಹೇಳ್ತೀರಾ?”

ಹೇಳಿದರೂ ರಜೆ ಇಲ್ಲ, ಹೇಳದಿದ್ದರೂ ಇಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಹೆಂಡತಿ. ಚಾರ್ಜು ಮುಗಿದುಹೋಗಿತ್ತು ಅನ್ನೋಣವೆಂದರೆ ಅದು ದಿನವಿಡೀ ಕರೆಂಟು ಕುಡಿದು ನೂರಕ್ಕೆ ನೂರು ತುಂಬಿಕೊಂಡಿತ್ತು.