ಕಾಗದದ ಬೆಂಕಿ ನಂದಿಸಿದ ವರದಿಯ ದೃಢೀಕೃತ ನಕಲು ಕೋರಿ

ಇಂದ:
ಅನಿಮೇಷನ್ ಚಿತ್ರಗಳಿಗೆ ಬೆಂಕಿ, ಹೊಗೆ, ನೀರು ಬಿಡಿಸುವವಳು,
ಎರಡನೇ ಮಹಡಿ, ದರ್ಜಿ ಅಂಗಡಿಯ ಎದುರು.

ಗೆ:
ಠಾಣಾಧಿಕಾರಿಗಳು, ಅಗ್ನಿಶಾಮಕ ಠಾಣೆ.

ವಿಷಯ: ಮಂಗಳವಾರದ ಬೆಂಕಿಯನ್ನು ‘ಸುಳ್ಳು ಕರೆ’ ಎಂದು ತಿದ್ದದಿರುವ ಬಗ್ಗೆ.

ಉಲ್ಲೇಖ: (ಅ) ತಮ್ಮ ವರದಿ: “ಕಿಟಕಿಯಲ್ಲಿ ಬೆಂಕಿ. ನೀರು ಹಾಯಿಸಿ ನಂದಿಸಲಾಯಿತು.”
(ಆ) ಕಿರುಚಿತ್ರೋತ್ಸವದ ಆಯ್ಕೆ ಸಮಿತಿಯ ಪತ್ರ: “ಹೊಗೆ ಪರವಾಗಿಲ್ಲ. ಬೆಂಕಿ ನಂಬುವಂತಿಲ್ಲ.”

ಮಾನ್ಯರೇ,

ಬೆಂಕಿ ಆರಿಸುವವರ ಮುಂದೆ ಬೆಂಕಿಯ ಮಾತೆತ್ತುವುದು ಅಧಿಕಪ್ರಸಂಗ, ಕ್ಷಮಿಸಬೇಕು. ಸಂಜೆ ತರಗತಿಯಲ್ಲಿ ಅರ್ಜಿ ಬರೆಯಲು ಕಲಿಸಿದ ದಿನ ಅರ್ಜಿದಾರಳಿಗೆ ಜ್ವರವಿತ್ತು.

1. ಉಲ್ಲೇಖ (ಆ)ರಿಂದ ಅರ್ಜಿದಾರಳು ಮೂರು ದಿನ ಅನ್ನ ಬಿಟ್ಟಳು. ಮರುಪರಿಶೀಲನೆಗೆ ಶುಕ್ರವಾರದವರೆಗೆ ಅವಕಾಶವಿರುವ ಕಾರಣ, ಹದಿನಾರು ಸೆಕೆಂಡಿನ ಬೆಂಕಿಯನ್ನು ಸೆಕೆಂಡಿಗೆ ಹನ್ನೆರಡರಂತೆ ನೂರತೊಂಬತ್ತೆರಡು ಹಾಳೆಗಳಲ್ಲಿ ಹೊಸದಾಗಿ ಬಿಡಿಸಿದಳು.

2. ಸದರಿ ಬೆಂಕಿಯನ್ನು ದೊಡ್ಡದಾಗಿ ನೋಡಲು ಕಿಟಕಿಗೆ ಬಿಳಿ ಚಾದರ ಕಟ್ಟಿ, ಹಾಳೆಗಳ ಫೋಟೊ ಜೋಡಿಸಿ ಸುತ್ತು ಸುತ್ತಾಗಿ ಓಡುವಂತೆ ಪ್ರೊಜೆಕ್ಟರ್ ಹಚ್ಚಿದಳು. ಚಾದರಕ್ಕೆ ಬೆನ್ನೂ ಇರುತ್ತದೆ, ಬೆನ್ನ ಹಿಂದೆ ಬೀದಿಯಿರುತ್ತದೆ ಎಂಬುದು ಹೊಳೆಯಲಿಲ್ಲ.

3. ಸಂಜೆ ಆರೂವರೆಗೆ ಎದುರಿನ ದರ್ಜಿ, “ಅಯ್ಯಯ್ಯೋ, ಬೆಂಕಿ! ಬೆಂಕಿ!” ಎಂದು ಕೂಗಿಕೊಂಡು ತಮ್ಮ ಠಾಣೆಗೆ ಫೋನ್ ಮಾಡಿದರು. ಯಾರ ಮನೆಗೆ ಬಂತಪ್ಪಾ ಈ ಗತಿ ಎಂದು ಅರ್ಜಿದಾರಳೂ ಬಕೆಟ್ ಹಿಡಿದು ಕೆಳಗೆ ಓಡಿದಳು. ಅಕ್ಕ ಹಿಂದೆಯೇ ಬಂದಳು.

4. ತಮ್ಮ ವಾಹನ ಬರುವಷ್ಟರಲ್ಲಿ ಅಕ್ಕ ಮೇಲೆ ನೋಡಿ, “ಲೇ, ಅದು ನಮ್ಮನೆ ಕಿಟಕಿ ಕಣೇ. ನಿನ್ನ ಚಿತ್ರ!” ಎಂದಳು.

“ಗೊತ್ತಾಯ್ತು, ತಾಳಕ್ಕ. ಆ ಬೆಂಕಿ ನಾಲಗೆ ತುದಿ ನೋಡು, ಹೇಗೆ ಕಿತ್ಕೊಂಡು ಹಾರ್ತಿದೆ!”

“ಪೈಪು ಎತ್ತಿದ್ರು, ಹೇಳೇ ಅವರಿಗೆ!”

ಈ ಹಂತದಲ್ಲಿ ತಪ್ಪೊಪ್ಪಿಗೆ: ಹೇಳಬಹುದಿತ್ತು, ಹೇಳಲಿಲ್ಲ. ಬೀದಿಯ ಅಷ್ಟೂ ಮುಖಗಳು ತಾನು ಬಿಡಿಸಿದ್ದನ್ನು ಬಾಯಿ ತೆರೆದು ನೋಡುತ್ತಿದ್ದವು. ಜನ್ಮದಲ್ಲಿ ಅಂಥ ಹದಿನಾರು ಸೆಕೆಂಡು ಸಿಕ್ಕಿರಲಿಲ್ಲ. ಆದ್ದರಿಂದ ಇನ್ನೊಂದು ಸುತ್ತು ನೋಡಿದಳು.

5. ನೀರು ಬಿತ್ತು. ಪ್ರೊಜೆಕ್ಟರ್ ಸತ್ತಿತು. ಬೆಂಕಿ ಆರಿತು. ಜನ ಚಪ್ಪಾಳೆ ತಟ್ಟಿದರು. ತಮ್ಮ ತಂಡದ ಮುಖ್ಯಸ್ಥರು ಮೇಲೆ ಬಂದು ಕೋಣೆಯೆಲ್ಲ ಹುಡುಕಿ, “ಬೂದಿ ಎಲ್ರೀ?” ಎಂದು ಕೇಳಿದರು.

“ಬೂದಿ ಇನ್ನೂ ಬಿಡಿಸಿಲ್ಲ ಸಾರ್.”

ಅವರು ಒದ್ದೆ ಸ್ಟೂಲಿನ ಮೇಲೆಯೇ ಕುಳಿತು, “ಇಪ್ಪತ್ತೆರಡು ವರ್ಷ ಆಯ್ತಮ್ಮ ನನ್ನ ಸರ್ವಿಸ್ಸು. ಮಾನ ಕಳೆದುಬಿಟ್ರಲ್ಲ!” ಎಂದರು. ಇಂಥ ವಿಮರ್ಶೆ ಅರ್ಜಿದಾರಳಿಗೆ ಯಾವ ಚಿತ್ರೋತ್ಸವದಲ್ಲೂ ಬಂದಿಲ್ಲ. ಮೇಲೆ ಬರುವ ಮುಂಚೆಯೇ ಬರೆಸಿದ್ದ ವರದಿಯನ್ನು ತಿದ್ದಿಸುವುದಾಗಿ ಹೇಳಿ ಅವರು ಇಳಿದುಹೋದರು.

ಆದ್ದರಿಂದ, ತಾವು ದಯವಿಟ್ಟು ಉಲ್ಲೇಖ (ಅ)ವನ್ನು ತಿದ್ದದೆ, ಮೊಹರು ಹಾಕಿದ ನಕಲನ್ನು ಗುರುವಾರದೊಳಗೆ ಕೊಡಬೇಕು. ಸಮಿತಿಗೆ ಲಗತ್ತಿಸಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇರಿಲ್ಲ. ಸುಳ್ಳು ಕರೆಗೆ ಶಿಕ್ಷೆಯಿದ್ದರೆ ದರ್ಜಿಗಲ್ಲ, ಅರ್ಜಿದಾರಳಿಗೆ ಆಗಲಿ.

ಸಾಧ್ಯವಾದರೆ ಅದೇ ಕಿಟಕಿಗೆ ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ, ನೀರು ಹಾಯಿಸಬೇಕಾಗಿಯೂ ಕೋರಿಕೆ. ಗಾಬರಿಯಲ್ಲಿ ಹನಿ ಒಡೆಯುವುದನ್ನು ನೋಡಲಾಗಲಿಲ್ಲ.

ಇನ್ನೂ ಒದ್ದೆಯಾಗಿರುವ,
ತಮ್ಮ ವಿಶ್ವಾಸಿ

ಲಗತ್ತು: ಜ್ವಾಲೆಯ ಹಾಳೆ, ಸಂಖ್ಯೆ 117. ಚಾದರದ ತುಂಡು (ಎಲ್ಲೂ ಸುಟ್ಟಿಲ್ಲ).

ವಿಶೇಷ ಸೂಚನೆ: ಜನ ಚಿತ್ರವನ್ನು ನಂಬಿದರೋ, ದರ್ಜಿಯ ಕೂಗನ್ನು ನಂಬಿದರೋ, ಅರ್ಜಿದಾರಳಿಗೆ ತಿಳಿದಿಲ್ಲ. ದರ್ಜಿಯನ್ನು ಕೇಳಲು ಎರಡು ಸಲ ಅಂಗಡಿಯ ಮೆಟ್ಟಿಲವರೆಗೆ ಹೋಗಿ ವಾಪಸು ಬಂದಿದ್ದಾಳೆ.