ಗಾದ್ರಮ್ಮನ ಮಿಲ್ಕ್ ಶೇಕ್

‘ಶೇಕ್’ ಎಂಬ ಮಾತು ಗಾದ್ರಮ್ಮನ ಕಿವಿಗೆ ಮೊದಲು ಬಿದ್ದದ್ದು ಜಗಳೂರಿನ ಆಸ್ಪತ್ರೆಯಲ್ಲಿ. ಗಂಡ ಪಾಲಣ್ಣನನ್ನು ನೋಡಿದ ಡಾಕ್ಟರು, “ಯಜಮಾನ್ರ ಕೈ ಶೇಕ್ ಆಗ್ತೈತೆ. ಈ ಬಾಟ್ಲಿ ಚೆನ್ನಾಗಿ ಶೇಕ್ ಮಾಡಿ ಕುಡಿಸ್ರಿ” ಎಂದರು. ಹೊರಡುವಾಗ ಶೇಕ್ ಹ್ಯಾಂಡೂ ಕೊಟ್ಟರು. ಅಬ್ಬಾ! ರೋಗವೂ ಶೇಕು, ಔಷಧಿಯೂ ಶೇಕು, ಮರ್ಯಾದೆಯೂ ಶೇಕು! ಬಸ್ಸು ತಮ್ಮೂರು ಬಿಳಿಚೋಡು ಮುಟ್ಟುವವರೆಗೂ ಗಾದ್ರಮ್ಮನಿಗೆ ಅದೇ ಬೆರಗು.

ಆದರೆ ಮೊಮ್ಮಗಳು ಚೈತ್ರಶ್ರೀಯನ್ನು ನೋಡಲು ಹೊನ್ನಾಳಿಯಿಂದ ಗಂಡಿನ ಕಡೆಯವರು ಬರುತ್ತಾರೆಂದಾಗ ಪಾಲಣ್ಣನ ಮುಖ ಇಳಿಯಿತು.

“ಅವ್ರೆದುರು ಕಾಫಿ ಲೋಟ ಹಿಡಿದ್ರೆ ಅರ್ಧ ನನ್ನ ಪಂಚೆಗೆ, ಅರ್ಧ ಅವ್ರ ಪಂಚೆಗೆ! ನಾನು ಹೊಲಕ್ಕೆ ಹೋಗ್ತೀನಿ, ನೀವೇ ಮಾತಾಡ್ಕೊಳ್ರಿ.”

“ಮನೆ ಹಿರೇರಿಲ್ದೆ ಎಂಥಾ ಮಾತುಕತೆ? ಸುಮ್ನೆ ಕುಂತ್ಕೊಳ್ರಿ. ಈ ಗಾದ್ರಮ್ಮ ಇರೋತನ್ಕ ಒಂದು ಹನಿ ಚೆಲ್ಲಾಕೆ ಬಿಡಲ್ಲ!”

ಉಪಾಯ ಕೊಟ್ಟವಳು ಚೈತ್ರಶ್ರೀ. “ಮಿಲ್ಕ್ ಶೇಕ್ ಮಾಡಜ್ಜಿ. ಗಟ್ಟಿಗಿರ್ತೈತೆ, ಸ್ಟ್ರಾ ಇಟ್ಟು ಹೀರೋದು. ಲೋಟ ಎತ್ತಂಗೇ ಇಲ್ಲ.”

ಐವತ್ತು ವರ್ಷ ಮಜ್ಜಿಗೆ ಕಡೆದ ಕೈಗೆ ಇದೊಂದು ಕೆಲಸವೇ? ಬಾಳೆಹಣ್ಣು, ಹಾಲು, ಸಕ್ಕರೆಯನ್ನು ಮಿಕ್ಸಿ ಜಾರಿಗೆ ಕಂಠಮಟ್ಟ ತುಂಬಿ, “ದೂರ ಸರಿಯೇ” ಎಂದು ಗುಂಡಿ ತಿರುಗಿಸಿದಳು. ಮುಚ್ಚಳ ಮಾತ್ರ ಕಟ್ಟೆಯ ಮೇಲೆ ಕುಳಿತು ನೋಡುತ್ತಿತ್ತು!

ಹಾಲು ಸೂರಿಗೆ, ಬಾಳೆಹಣ್ಣು ಗೋಡೆಯ ದೇವರಿಗೆ, ಉಳಿದದ್ದೆಲ್ಲ ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ ಪಾಲಣ್ಣನಿಗೆ ಅಭಿಷೇಕ!

“ಒಂದು ಹನೀನೂ ಚೆಲ್ಲಾಕೆ ಬಿಡಲ್ಲ ಅಂದಿದ್ದಿ?” ಎಂದ, ಮೀಸೆ ನೆಕ್ಕುತ್ತಾ.

ಅಷ್ಟರಲ್ಲಿ ಗಂಡಿನ ಕಡೆಯವರು ಅಂಗಳದಲ್ಲಿ! ಕಾಫಿಯೇ ಗತಿಯಾಯಿತು. ಗಾದ್ರಮ್ಮ ಎಲ್ಲರಿಗೂ ಲೋಟ ತುಂಬಾ ಕೊಟ್ಟು, ಹಳೇ ಅಂಗಿಯಲ್ಲಿ ಬಂದು ಕುಳಿತ ಗಂಡನಿಗೆ ಅರ್ಧ ಮಾತ್ರ ಹಾಕಿದಳು. ಲೋಟ ನಡುಗಿತು, ಹನಿ ಚೆಲ್ಲಲಿಲ್ಲ. ಮದುವೆ ಮಾತೂ ಕುದುರಿತು.

ಅಂದಿನಿಂದ ದಿನವೂ ಅರ್ಧ ಲೋಟ. ಅದು ಮುಗಿದ ಮೇಲೆ, “ಪಾತ್ರೇಲಿ ಇನ್ನೊಂಚೂರು ಉಳಿದೈತೆ ನೋಡ್ರಿ” ಎಂದು ಮತ್ತೆ ಅರ್ಧ. ಗಂಡನಿಗೆ ಏನೂ ತಿಳಿದಿಲ್ಲವೆಂದು ಮೂರು ವರ್ಷ ಒಳಗೊಳಗೇ ಬೀಗಿದಳು.

ಹೋದ ಮಾಘದಲ್ಲಿ ಹಾಸಿಗೆ ಹಿಡಿದ ಪಾಲಣ್ಣ ಒಂದು ಬೆಳಿಗ್ಗೆ ಎದ್ದು ಕುಳಿತು ಅವಳನ್ನು ಕರೆದ. ಅವಳಲ್ಲಿ ಏನನ್ನಾದರೂ ಕೇಳಿದ್ದು ಅದೇ ಕೊನೆ.

“ಅಲ್ಲ ಗಾದ್ರಿ, ದಿನಾ ಅದೆಂಗೆ ಸರಿಯಾಗಿ ಅರ್ಧ ಲೋಟಾನೇ ಉಳಿತೈತೆ? ನನಗೇನು ಗೊತ್ತಾಗಲ್ಲ ಅಂದ್ಕೊಂಡ್ಯಾ? ಇವತ್ತು ಲೋಟ ತುಂಬಾ ಹಾಕು, ಚೆಲ್ಲಿದ್ರೆ ಚೆಲ್ಲಲಿ. ನೀನೂ ಒಂದು ಲೋಟ ತಗಂಡು ಬಂದು ಇಲ್ಲೇ ಕುಂತ್ಕೊ.”